ಶ್ಯಾಮಲ ನುಂಗಿದ ಮಾತ್ರೆ

೩ ಮಾರ್ಚ್ ೨೦೨೫, ಸೋಮವಾರ

ಮೂವತ್ತೊಂದು ವರ್ಷ ಲೈನ್‌ಮನ್ ಕೆಲಸ ಮಾಡಿದವನು ನಾನು. ಸಾದಲಿ ಸುತ್ತಮುತ್ತಲಿನ ಕಂಬಗಳಲ್ಲಿ ನಾನು ಹತ್ತದೆ ಬಿಟ್ಟದ್ದು ಕಡಿಮೆ. ಮಳೆಯಲ್ಲಿ, ಗಾಳಿಯಲ್ಲಿ, ಒಂದು ಸಲ ಹಾವು ಸುತ್ತಿಕೊಂಡಿದ್ದ ಕಂಬಕ್ಕೂ ಹತ್ತಿದ್ದೇನೆ. ಇವತ್ತು ಬೆಂಗಳೂರಿನ ಆಸ್ಪತ್ರೆಯಲ್ಲಿ ಒಂದೇ ಒಂದು ಮಾತ್ರೆ ನೋಡಿ ಹಿಂದೆ ಸರಿದೆ. ಡ್ಯೂಟಿಯಲ್ಲಿದ್ದಾಗ ದಿನಾ ಲಾಗ್ ಬುಕ್ ಬರೆಯುತ್ತಿದ್ದೆ. ರಿಟೈರ್ ಆದ ಮೇಲೆ ಬರೆಯುವಂಥದ್ದು ಏನೂ ನಡೆದಿರಲಿಲ್ಲ. ಇವತ್ತು ನಡೆದಿದೆ.

ಶ್ಯಾಮಲಳಿಗೆ ಒಂದೂವರೆ ವರ್ಷದಿಂದ ಥೈರಾಯ್ಡ್. ಗಂಟಲಿನಲ್ಲಿರುವ ಆ ಗ್ರಂಥಿ ಅಳತೆ ಮೀರಿ ಕೆಲಸ ಮಾಡುತ್ತಿದೆಯಂತೆ. ಎದೆ ಹೊಡೆದುಕೊಳ್ಳುವುದು, ಮೈ ಇಳಿಯುವುದು, ಸುಮ್ಮಸುಮ್ಮನೆ ನನ್ನ ಮೇಲೆ ರೇಗುವುದು. ಕೊನೆಯದು ಮೊದಲಿನಿಂದಲೂ ಇತ್ತು, ಅದನ್ನು ಡಾಕ್ಟರಿಗೆ ಹೇಳಲಿಲ್ಲ. ಗುಳಿಗೆಗಳಿಗೆ ಬಗ್ಗದ್ದರಿಂದ ವಿಕಿರಣ ಇರುವ ಅಯೋಡಿನ್ ಕೊಡುತ್ತೇವೆ, ಅದು ನೇರ ಗಂಟಲಿಗೆ ಹೋಗಿ ಕೂತು ಗ್ರಂಥಿಯ ಆಟ ನಿಲ್ಲಿಸುತ್ತೆ ಅಂದರು.

ಮಾತ್ರೆ ಬಂದದ್ದು ಸೀಸದ ಡಬ್ಬಿಯಲ್ಲಿ. ತಂದವನು ಅದನ್ನು ಇಕ್ಕಳದಲ್ಲಿ ಎತ್ತಿದ. ನಾನು ಗೋಡೆಗೆ ಅಂಟಿಕೊಂಡೆ. ಶ್ಯಾಮಲ ತಲೆನೋವಿನ ಗುಳಿಗೆ ನುಂಗುವ ಹಾಗೆ ನುಂಗಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

ವಿಕಿರಣ ಸುರಕ್ಷತೆ ನೋಡಿಕೊಳ್ಳುವವಳು ಭಾನುಪ್ರಿಯಾ ಅಂತ, ನಮ್ಮ ಮಗಳು ಮೌನಿಕಾಳ ವಯಸ್ಸಿನವಳು. ಕೈಯಲ್ಲಿ ಟಿಕ್ ಟಿಕ್ ಅನ್ನುವ ಮೀಟರು. ಒಂದು ಕಾಗದ ಕೊಟ್ಟು ಓದಿ ಹೇಳಿದಳು.

"ಅಮ್ಮ, ಒಂದು ವಾರ ಯಾರಿಗೂ ಮೂರಡಿಗಿಂತ ಹತ್ರ ಜಾಸ್ತಿ ಹೊತ್ತು ಕೂರಬೇಡಿ. ಹತ್ತು ದಿನ ಬೇರೆ ಮಲಗಿ. ಗರ್ಭಿಣಿಯರು, ಚಿಕ್ಕಮಕ್ಕಳು ಮಾತ್ರ ಮೂರು ವಾರ ಹತ್ರ ಬರಬಾರ್ದು. ನೀರು ಚೆನ್ನಾಗಿ ಕುಡೀರಿ, ಬಚ್ಚಲಿಗೆ ಹೋದ್ರೆ ಎರಡೆರಡು ಸಲ ನೀರು ಹಾಕಿ. ತಟ್ಟೆ, ಬಟ್ಟೆ ಬೇರೆ ತೊಳೀರಿ. ಅಷ್ಟೆ."

"ಅಷ್ಟೇನಾ?" ಅಂದಳು ಶ್ಯಾಮಲ, ಸಮಾಧಾನದಿಂದ.

"ಅಷ್ಟೇನಾ?" ಅಂದೆ ನಾನು. ಇನ್ನೂ ಗೋಡೆ ಬಿಟ್ಟಿರಲಿಲ್ಲ.

ವಾಪಸು ಬರುವಾಗ ನಮ್ಮೂರಿನ ಮುನೇಶನ ಕಾರಿನಲ್ಲಿ ಅವಳು ಹಿಂದಿನ ಸೀಟಿನ ಮೂಲೆಯಲ್ಲಿ, ನಾನು ಮುಂದೆ, ತಲೆ ಕಿಟಕಿಯ ಆಚೆ. ಚಿಕ್ಕಬಳ್ಳಾಪುರದಲ್ಲಿ ಟೀಗೆ ನಿಲ್ಲಿಸಿದಾಗ ಮುನೇಶ, "ಯಾಕಣ್ಣ, ವಾಂತಿ ಬರ್ತಾ ಐತಾ?" ಅಂದ. ಎಲ್ಲವನ್ನೂ ಹೇಳಿದೆ. ಎಲ್ಲವೂ ಅಂದರೆ ಆಸ್ಪತ್ರೆಯವರು ಹೇಳಿದ್ದು ಸ್ವಲ್ಪ, ನಾನು ಮೊಬೈಲಿನಲ್ಲಿ ನೋಡಿದ್ದು ಜಾಸ್ತಿ. ಅಣುಸ್ಥಾವರ ಸಿಡಿದು ಖಾಲಿಯಾದ ಊರುಗಳ ವಿಡಿಯೋ ಎಷ್ಟು ನೋಡಿದ್ದೇನೆ, ಎಷ್ಟು ಜನಕ್ಕೆ ಕಳಿಸಿದ್ದೇನೆ! ಶಿಡ್ಲಘಟ್ಟ ದಾಟುವ ಹೊತ್ತಿಗೆ ಮುನೇಶನ ತಲೆಯೂ ಕಿಟಕಿಯ ಆಚೆ ಇತ್ತು.

೪ ಮಾರ್ಚ್, ಮಂಗಳವಾರ

ನನ್ನ ಮಂಚವನ್ನು ಹಸುವಿನ ಕೊಟ್ಟಿಗೆಗೆ ಸಾಗಿಸಿದೆ. ಟೇಪು ಹಿಡಿದು ಅಳೆದೆ. ಶ್ಯಾಮಲಳ ಕೋಣೆಯಿಂದ ಮೂವತ್ತೆರಡು ಅಡಿ. ಆಸ್ಪತ್ರೆಯವರು ಮೂರಡಿ ಅಂದರು ನಿಜ. ಆದರೆ ಇಲಾಖೆಯವರು ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ದೂರ ನಿಂತದ್ದಕ್ಕೆ ನಾನು ಬದುಕಿ ಪಿಂಚಣಿ ತೆಗೆದುಕೊಳ್ಳುತ್ತಿರುವುದು.

ಅಡುಗೆ ನನ್ನದು. ಅವಳು ಕೋಣೆಯಿಂದ ಫೋನು ಮಾಡುತ್ತಾಳೆ, ನಾನು ಒಲೆಯ ಮುಂದೆ ಎತ್ತಿಕೊಳ್ಳುತ್ತೇನೆ.

"ಹಿಟ್ಟು ಹಾಕಿದ್ ತಕ್ಷಣ ತಿರುವಬೇಡ್ರಿ. ಬೇಯ್ಲಿ."

"ಆಗ್ಲೇ ತಿರುವಿಬಿಟ್ಟೆ ಕಣೇ."

"ಗೊತ್ತಾಯ್ತು. ಸದ್ದು ಕೇಳಿಸ್ತು."

ಮುದ್ದೆಯೊಳಗೆ ಗಂಟು, ಗಂಟೊಳಗೆ ಒಣಹಿಟ್ಟು. ತಟ್ಟೆಯನ್ನು ಹೊಸ್ತಿಲ ಮೇಲೆ ಇಟ್ಟು ಓಡಿಬಂದೆ. ಅವಳು ಊಟ ಮಾಡಿ ಫೋನಿನಲ್ಲಿ, "ಮೂವತ್ತು ವರ್ಷ ನಾನು ಮಾಡಿದ್ದು ಚೆನ್ನಾಗಿತ್ತು ಅಂತ ಇವತ್ತಾದ್ರೂ ಒಪ್ಕೋತೀರಾ?" ಅಂದಳು. ಸಿಗ್ನಲ್ ಇಲ್ಲ ಅಂತ ಇಟ್ಟೆ.

ಗೌರಿಬಿದನೂರಿನಿಂದ ಮೌನಿಕಾ ಫೋನು ಮಾಡಿದಳು. ಅವಳಿಗೀಗ ಐದು ತಿಂಗಳು. ಅಮ್ಮನನ್ನು ನೋಡಬೇಕು ಅಂತ ಅತ್ತಳು. "ಯುಗಾದಿಗೆ ಬಾರಮ್ಮ. ಅಲ್ಲೀ ತನಕ ಫೋನಲ್ಲೂ ಜಾಸ್ತಿ ಹೊತ್ತು ಮಾತಾಡಬೇಡ" ಅಂದೆ. ಅಳು ನಿಲ್ಲಿಸಿ ನಕ್ಕಳು. ಯಾಕೆ ನಕ್ಕಳೋ.

ಸಂಜೆ ಎದುರು ಮನೆ ಓಬಳಮ್ಮ ಬೀದಿಯಲ್ಲೇ ನಿಂತು ಕೂಗಿದಳು. ಅವಳೂ ಶ್ಯಾಮಲಳೂ ಈ ಊರಿಗೆ ಸೊಸೆಯರಾಗಿ ಬಂದದ್ದು ಒಂದೇ ವರ್ಷ. ಅವಳ ರೇಷ್ಮೆ ಹುಳುಮನೆಯ ಕಿಟಕಿಗಳು ನಮ್ಮ ಮನೆಯ ಕಡೆಗೇ ತೆರೆಯುತ್ತವೆ.

"ಏಮಣ್ಣಾ, ಶ್ಯಾಮಲಕ್ಕನ ಮೈಯಿಂದ ಕರೆಂಟು ಬರ್ತದಂತೆ? ಮುನೇಶ ಹೇಳ್ದ. ನನ್ನ ಹುಳ ಪೊರೆ ಬಿಟ್ಟು ಮೂರನೇ ಜ್ವರ ಎದ್ದಾವೆ. ಏನೂ ಆಗಲ್ಲ ತಾನೆ?"

ಆಗಲ್ಲ ಅಂದಿದ್ದರೆ ಮುಗಿಯುತ್ತಿತ್ತು. ನಾನು ತಿಳಿದವನ ಹಾಗೆ ಗಡ್ಡ ಕೆರೆದುಕೊಂಡು, "ವಿಕಿರಣ ಕಣ್ಣಿಗೆ ಕಾಣಲ್ಲಮ್ಮ. ಹುಳ ಬೇರೆ ಸೂಕ್ಷ್ಮ. ಕಿಟಕಿ ಮುಚ್ಕೊಂಡ್ರೆ ಒಳ್ಳೇದು" ಅಂದೆ.

ಓಬಳಮ್ಮ ಎಲ್ಲಾ ಕಿಟಕಿ ಮುಚ್ಚಿ, ಮೇಲೆ ಒದ್ದೆ ಗೋಣಿತಾಟು ಹೊಡೆಸಿದಳು.

೬ ಮಾರ್ಚ್, ಗುರುವಾರ

ಡೈರಿಯಲ್ಲಿ ನಮ್ಮ ಹಾಲು ತೆಗೆದುಕೊಳ್ಳಲಿಲ್ಲ. ಕಾರ್ಯದರ್ಶಿ ರಮೇಶ್‌ಬಾಬು ಕ್ಯಾನಿನ ಮುಚ್ಚಳವನ್ನೇ ತೆಗೆಯದೆ, "ಬೇಜಾರು ಮಾಡ್ಕೋಬೇಡಣ್ಣ. ಜನ ಒಂಥರಾ ಮಾತಾಡ್ತಾರೆ" ಅಂದ.

"ಹಾಲು ಕರೆದಿದ್ದು ನಾನಪ್ಪ! ಅವಳು ಹಸು ಮುಟ್ಟೇ ಇಲ್ಲ."

"ನೀನು ಅಕ್ಕನ ಗಂಡ ತಾನೆ?"

ಕ್ಯಾನು ಎತ್ತಿಕೊಂಡೆ. ಹಾಲು ಕರೆಯುವಾಗ ಹಸುವಿನಿಂದ ಒದೆಸಿಕೊಂಡ ಮಂಡಿ ಎಳೆಯುತ್ತಾ ಮನೆಗೆ ಬಂದೆ. ಏಳು ಲೀಟರ್ ಹಾಲು. ಕಾಫಿ ಕುಡಿದೆ, ಪಾಯಸ ಮಾಡಿದೆ, ಮತ್ತೆ ಕಾಫಿ ಕುಡಿದೆ. ಶ್ಯಾಮಲ ಬಾಗಿಲ ಸಂದಿಯಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕಮೇಲೆ, "ಓಬಳಿ ಎರಡು ದಿನದಿಂದ ಈ ಕಡೆ ತಿರುಗಿ ನೋಡಿಲ್ಲ ಅಲ್ವಾ?" ಅಂದಳು.

ಹುಳುಮನೆ ಕೆಲಸ ಇರಬೇಕು ಅಂದೆ.

೭ ಮಾರ್ಚ್, ಶುಕ್ರವಾರ

ಇವತ್ತು ಶ್ಯಾಮಲ ಒಂದೂ ಫೋನು ಮಾಡಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದರೂ ಮಾತಿಲ್ಲ. ಕೊಟ್ಟಿಗೆಯಿಂದ ಅವಳ ಕೋಣೆ ಕಾಣುವುದಿಲ್ಲ. ಮಂಚವನ್ನು ಜಗುಲಿಗೆ ತಂದೆ. ಕೊಟ್ಟಿಗೆಯಲ್ಲಿ ಸೊಳ್ಳೆ ಜಾಸ್ತಿ.

೯ ಮಾರ್ಚ್, ಭಾನುವಾರ

ಓಬಳಮ್ಮನ ಹುಳುಗಳಿಗೆ ರೋಗ ಬಿದ್ದಿದೆ. ಮೈ ಊದಿ ಹಳದಿಯಾಗಿ, ಚರ್ಮ ಒಡೆದು ಹಾಲಿನಂಥದ್ದು ಸೋರುತ್ತಿದೆ. ನಾಲ್ಕನೇ ಜ್ವರಕ್ಕೆ ಕೂರಬೇಕಾದ ಹುಳು ತಟ್ಟೆಯ ಅಂಚಿಗೆ ಹರಿದುಬಂದು ಸಾಯುತ್ತಿವೆ. ಬೆಳಿಗ್ಗೆ ಅವಳು ಬೀದಿಯಲ್ಲಿ ಕೂತು ಎದೆ ಬಡಿದುಕೊಂಡಳು. "ಅಯ್ಯೋ ದೇವುಡಾ, ಶ್ಯಾಮಲಕ್ಕನ ಮಾತ್ರೆ ನನ್ನ ಹುಳ ತಿಂದ್ಬಿಡ್ತು!"

ಅರ್ಧ ಊರು ಸೇರಿತು. ರಮೇಶ್‌ಬಾಬು ಮುಂದೆ ಬಂದು, "ಲೈನ್‌ಮನ್ನಣ್ಣ, ಯಾರ ತಪ್ಪೂ ಇಲ್ಲ. ಒಂದ್ ತಿಂಗಳು ಅಕ್ಕನ್ನ ತೋಟದ ಪಂಪ್‌ಹೌಸಲ್ಲಿ ಇಟ್ರೆ ಎಲ್ಲರಿಗೂ ನೆಮ್ಮದಿ" ಅಂದ. ಏಳು ಕುದುರೆಶಕ್ತಿಯ ಮೋಟರು, ಸ್ಟಾರ್ಟರು, ಹಲ್ಲಿ, ಒಂದು ಬಲ್ಬು. ಅದು ಪಂಪ್‌ಹೌಸು. ಆ ಬಲ್ಬು ಹಾಕಿದವನು ನಾನೇ.

ಹಿಂದೆ ತಿರುಗಿದರೆ ಶ್ಯಾಮಲ ಆಗಲೇ ಎರಡು ಸೀರೆ, ಚೊಂಬು, ಕಂಬಳಿ ಗಂಟು ಕಟ್ಟಿದ್ದಳು.

"ಹೋಗ್ತೀನಿ ಬಿಡ್ರಿ. ನೀವಾದ್ರೂ ಮನೆಯೊಳಗೆ ಮಲಗಬಹುದು."

ಅವಳು ಇದನ್ನು ರೇಗಿ ಹೇಳಲಿಲ್ಲ. ರೇಗಿದ್ದರೆ ನನಗೆ ಅಭ್ಯಾಸವಿದೆ. ಮೆಲ್ಲಗೆ ಹೇಳಿದಳು. ನನಗೆ ಕಂಬದ ಮೇಲೆ ಕಾಲು ಜಾರಿದ ಹಾಗಾಯಿತು.

"ಯಾರೂ ಎಲ್ಲಿಗೂ ಹೋಗಲ್ಲ" ಅಂತ ಕೂಗಿ, ಅವಳ ಕೋಣೆಯ ಹೊಸ್ತಿಲ ಮೇಲೆ ಕೂತುಬಿಟ್ಟೆ. ಗಂಟನ್ನು ಕಿತ್ತು ತೊಡೆಯ ಮೇಲೆ ಇಟ್ಟುಕೊಂಡೆ. ಜನ ಗೊಣಗುತ್ತಾ ಹೋದರು.

ಕಾಗದದಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಭಾನುಪ್ರಿಯಾ ಎಲ್ಲಾ ಕೇಳಿಸಿಕೊಂಡು, "ಅಂಕಲ್, ಎದುರು ಮನೆಗೆ ಅಮ್ಮನಿಂದ ಏನೂ ಆಗಲ್ಲ. ಅದು ನಾನು ಹೇಳ್ತೀನಿ. ಹುಳಕ್ಕೆ ಏನಾಗಿದೆ ಅಂತ ನನಗೆ ಗೊತ್ತಿಲ್ಲ, ಹುಳ ಗೊತ್ತಿರೋರಿಗೆ ತೋರಿಸಿ" ಅಂದಳು. ತನಗೆ ಗೊತ್ತಿಲ್ಲ ಅಂತ ಫೋನಿನಲ್ಲಿ ಒಪ್ಪಿಕೊಂಡ ಮೊದಲ ಅಧಿಕಾರಿ. ನನಗೆ ಅವಳ ಮೇಲೆ ನಂಬಿಕೆ ಬಂತು.

೧೦ ಮಾರ್ಚ್, ಸೋಮವಾರ

ಬೆಳಿಗ್ಗೆ ಓಬಳಮ್ಮನ ತಿಪ್ಪೆಯಿಂದ ಆರೇಳು ಹುಳು ಆರಿಸಿ, ಸ್ಟೀಲ್ ಡಬ್ಬಿಗೆ ಹಾಕಿ, ಬಸ್ಸಿನಲ್ಲಿ ಶಿಡ್ಲಘಟ್ಟಕ್ಕೆ ಹೋದೆ. ಪಕ್ಕದವರು ಊಟದ ಡಬ್ಬಿ ಅಂದುಕೊಂಡು "ಏನು ಪಲ್ಯ?" ಅಂದರು.

ರೇಷ್ಮೆ ಇಲಾಖೆಯ ಶೋಭಾರಾಣಿ ಮೇಡಂ ಒಂದು ಹುಳುವನ್ನು ಕಡ್ಡಿಯಲ್ಲಿ ತಿರುಗಿಸಿ, ಎರಡೇ ನಿಮಿಷದಲ್ಲಿ ಹೇಳಿದರು.

"ಇದು ಹಾಲುತೊಂಡೆ ರೋಗ. ಈ ತಿಂಗಳಲ್ಲಿ ನನ್ನ ಹತ್ರ ಬಂದ ಒಂಬತ್ತನೇ ಮನೆ ನಿಮ್ಮದು."

"ಒಂಬತ್ತು ಮನೇಲೂ ಯಾರಾದ್ರೂ ಅಯೋಡಿನ್ ಮಾತ್ರೆ..."

"ಏನಂದ್ರಿ?"

"ಏನಿಲ್ಲ ಮೇಡಂ."

"ರೋಗದ ವೈರಸ್ಸು ಮೊದಲೇ ಎಲ್ಲೋ ಇರುತ್ತೆ. ಸೆಖೆ, ತೇವ ಜಾಸ್ತಿಯಾಗಿ ಗಾಳಿ ಆಡದೆ ಹೋದ್ರೆ ಎದ್ದು ಕೂರುತ್ತೆ. ಹುಳುಮನೆ ಕಿಟಕಿ ತೆಗೆದಿಟ್ಟಿದ್ದಾರಾ?"

ನಾನು ಡಬ್ಬಿಯ ಮುಚ್ಚಳ ಹಾಕಿದೆ.

"ಮುಚ್ಚಿದ್ದಾರಾ? ಈ ಬಿಸಿಲಲ್ಲಿ?"

"ಒದ್ದೆ ಗೋಣಿತಾಟೂ ಹೊಡೆದವ್ರೆ."

"ಯಾರು ಹೇಳಿದ್ರು ಹಂಗೆ ಮಾಡಕ್ಕೆ?"

ಸುಣ್ಣ, ಬ್ಲೀಚಿಂಗ್ ಪುಡಿಯ ಚೀಟಿ ತೆಗೆದುಕೊಂಡು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಪ್ರಶ್ನೆ. ಶ್ಯಾಮಲಳ ಮಾತ್ರೆ ಯಾರ ಹುಳುವನ್ನೂ ಮುಟ್ಟಿಲ್ಲ. ಹುಳುಮನೆಗೆ ಉಸಿರು ಕಟ್ಟಿಸಿದ್ದು ನನ್ನ ನಾಲಿಗೆ.

ಮನೆಗೆ ಬಂದು ಶ್ಯಾಮಲಳಿಗೆ ಎಲ್ಲಾ ಹೇಳಿದೆ. ಫೋನಿನಲ್ಲಿ ಅಲ್ಲ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು. ಕಿಟಕಿ ಮುಚ್ಚಲು ಹೇಳಿದವನು ನಾನು ಅಂತಲೂ ಹೇಳಿದೆ. ಅವಳು ಬೀದಿಯ ಕಡೆಗೆ ಕೈ ತೋರಿಸಿದಳು.

"ಹೋಗಿ ಓಬಳಿಗೆ ಹೇಳಿ."

"ಸಾಯಿಸ್ತಾಳೆ ಕಣೇ."

"ಸಾಯಿಸಲಿ. ಕಿಟಕಿ ತೆಗೆಸಿ ಆಮೇಲೆ ಸಾಯಿರಿ."

೧೧ ಮಾರ್ಚ್, ಮಂಗಳವಾರ

ಬೆಳಗಾಗುವುದಕ್ಕೆ ಕಾಯದೆ ನಿನ್ನೆ ಸಂಜೆಯೇ ಹೋಗಿ ಕಿಟಕಿ ತೆಗೆಸಿದೆ. ಶೋಭಾರಾಣಿ ಮೇಡಂ ಹೇಳಿದರು ಅಂದೆ, ಅಷ್ಟೇ. ಉಳಿದದ್ದನ್ನು ಹೇಳಲು ಧೈರ್ಯ ಬರಲಿಲ್ಲ.

ಇವತ್ತು ಬೆಳಿಗ್ಗೆ ಡೈರಿಯ ಮುಂದೆ ಎಲ್ಲರೂ ಕ್ಯಾನು ಹಿಡಿದು ನಿಂತಿದ್ದಾಗ ಹೇಳಿಬಿಟ್ಟೆ. ರೋಗದ ಹೆಸರು ಹೇಳಿದೆ, ಒಂಬತ್ತು ಮನೆಯ ಲೆಕ್ಕ ಹೇಳಿದೆ. "ಮಾತ್ರೆ ಬಗ್ಗೆ ಆಸ್ಪತ್ರೆಯವ್ರು ಹೇಳಿದ್ದು ಒಂದು ಕಾಗದ. ನಾನು ಊರಿಗೆ ಹೇಳಿದ್ದು ಒಂದು ಪುರಾಣ. ಓಬಳಮ್ಮ, ನಿನ್ನ ಕಿಟಕಿ ಮುಚ್ಚಿಸಿದ್ದು ನಾನು. ತಪ್ಪಾಯ್ತು ಕಣಮ್ಮ."

ಓಬಳಮ್ಮ ಮೊದಲು ಕನ್ನಡದಲ್ಲಿ ಬೈದಳು. ಸಾಲದೆ ಹೋದಾಗ ತೆಲುಗಿಗೆ ಇಳಿದಳು. ತೆಲುಗಿನಲ್ಲಿ ನನ್ನ ಅಪ್ಪ, ಅಜ್ಜ, ನನ್ನ ಇಲಾಖೆ ಎಲ್ಲಾ ಬಂದವು. ಉಸಿರು ತೆಗೆದುಕೊಳ್ಳಲು ನಿಂತಾಗ, "ಅರ್ಧ ಹುಳ ಉಳೀತವಂತೆ. ರೋಗದ್ದೆಲ್ಲಾ ಆರಿಸಿ ತೆಗೀಬೇಕು. ನಾನು ಬರ್ತೀನಿ" ಅಂದೆ.

"ನೀನು ಬರ್ದೆ ಇನ್ನ್ಯಾರು ಬರ್ತಾರೆ? ಕೈಕಾಲು ತೊಳ್ಕೊಂಡು ಬಾ!"

ರಮೇಶ್‌ಬಾಬು ನನ್ನ ಕ್ಯಾನಿನ ಮುಚ್ಚಳ ತೆಗೆದು ಹಾಲು ಅಳೆದುಕೊಂಡ.

೧೩ ಮಾರ್ಚ್, ಗುರುವಾರ

ಎರಡು ದಿನದಿಂದ ಹುಳು ಆರಿಸುತ್ತಿದ್ದೇನೆ. ನೋವಿಗೆ ಬೆನ್ನು ನನ್ನದಲ್ಲ ಅನ್ನಿಸುತ್ತಿದೆ. ಸೊಪ್ಪು ಒಯ್ಯುವುದು, ಸುಣ್ಣ ಚೆಲ್ಲುವುದು, ಓಬಳಮ್ಮನ ಬೈಗುಳ ಕೇಳುವುದು. ಶ್ಯಾಮಲ ನಮ್ಮ ಮನೆಯ ಕಿಟಕಿಯಲ್ಲಿ ಕೂತು, "ಓಬಳೀ, ಅವ್ರಿಗೆ ಕಣ್ಣು ಸರಿಯಾಗಿ ಕಾಣಲ್ಲ, ಒಳ್ಳೇ ಹುಳನೂ ಎಸೀತಾರೆ, ನೋಡ್ಕೋ" ಅಂತ ಬೀದಿಯಾಚೆಗೆ ಕೂಗುತ್ತಾಳೆ.

"ನೋಡ್ತಾನೇ ಇದೀನಿ ಅಕ್ಕ. ಇವ್ನ ಜೊತೆ ಹೆಂಗೆ ಬದುಕಿದ್ಯೋ ನೀನು!"

ಇಬ್ಬರೂ ನಗುತ್ತಾರೆ. ನನ್ನನ್ನು ಯಾರೂ ಕೇಳುವುದಿಲ್ಲ. ಹತ್ತು ದಿನ ಮುಗಿಯಿತಲ್ಲ, ಮಂಚವನ್ನು ಎಂದಿನ ಜಾಗಕ್ಕೆ ಹಾಕಿದೆ.

೨೪ ಮಾರ್ಚ್, ಸೋಮವಾರ

ಆಸ್ಪತ್ರೆಗೆ ತಪಾಸಣೆಗೆ ಹೋಗಿದ್ದೆವು. ಓಬಳಮ್ಮನೂ ಬಂದಳು. ಉಳಿದ ಹುಳು ಗೂಡು ಕಟ್ಟಿ ಮಾರುಕಟ್ಟೆಗೂ ಹೋಗಿಯಾಗಿತ್ತು, ಅವಳಿಗೆ ಪುರುಸೊತ್ತು. "ನಿನ್ನ ಮಾತು ನಂಬಲ್ಲ, ಮೀಟರು ನಾನೇ ನೋಡ್ತೀನಿ" ಅಂದಿದ್ದಳು.

ಭಾನುಪ್ರಿಯಾ ಮೀಟರನ್ನು ಶ್ಯಾಮಲಳ ಗಂಟಲ ಹತ್ತಿರ ಹಿಡಿದಾಗ ಟಿಕ್ ಟಿಕ್ ಜೋರಾಯಿತು. ಓಬಳಮ್ಮ ನನ್ನ ತೋಳು ಹಿಡಿದುಕೊಂಡಳು. ಒಂದು ಹೆಜ್ಜೆ ಹಿಂದೆ ಹೋದಾಗ ಕಡಿಮೆಯಾಯಿತು. ಇನ್ನೂ ಹಿಂದೆ ಹೋದಾಗ ಎಲ್ಲೋ ಒಂದೊಂದು.

"ಈ ಒಂದೊಂದು ಅಮ್ಮನದಲ್ಲ. ಇದು ಎಲ್ಲಾ ಕಡೆ ಇರುತ್ತೆ. ಮಣ್ಣಿಂದ, ಆಕಾಶದಿಂದ. ಈ ಕಲ್ಲಿನ ಚಪ್ಪಡಿಯಿಂದಾನೂ ಸ್ವಲ್ಪ ಬರುತ್ತೆ, ನೋಡಿ."

"ಕಲ್ಲಿಂದಾನಾ? ನಮ್ ಜಿಲ್ಲೆ ತುಂಬಾ ಬಂಡೆನೇ ಅಲ್ವಾ ತಾಯಿ!" ಅಂದಳು ಓಬಳಮ್ಮ. "ಹಂಗಾದ್ರೆ ಬಂಡೆ ಮೇಲೆ ಕೂತು ಶ್ಯಾಮಲಕ್ಕನಿಗೆ ಹೆದರ್ಕೊಂಡ್ವಾ ನಾವು?"

ಭಾನುಪ್ರಿಯಾ ನಕ್ಕಳು. ಆದರೆ ಮೌನಿಕಾಳ ವಿಷಯದಲ್ಲಿ ಮೂರು ವಾರ ಅಂತ ಹೇಳಿದ್ದು ಸುಮ್ಮನೆ ಅಲ್ಲ, ಹೊಟ್ಟೆಯಲ್ಲಿರುವ ಮಗುವಿಗೆ ನಿಯಮ ಬೇರೆಯೇ ಅಂತ ಬಿಡಿಸಿ ಹೇಳಿದಳು. ಯುಗಾದಿಗೆ ಬರಬಹುದಂತೆ.

ಭಾನುಪ್ರಿಯಾಳ ಚಿಕ್ಕಪ್ಪ ಕೈಗಾ ಅಣುಸ್ಥಾವರದಲ್ಲಿ ಕೆಲಸಕ್ಕಿದ್ದಾರಂತೆ. ನಾನು ಲೈನ್‌ಮನ್ ಅಂತ ಗೊತ್ತಾದಾಗ, "ನೀವು ಮನೆಮನೆಗೆ ಕೊಟ್ಟ ಕರೆಂಟಲ್ಲಿ ಅವರದ್ದೂ ಒಂದು ಪಾಲು ಇತ್ತಲ್ವಾ ಅಂಕಲ್" ಅಂದಳು. ಇರಲಾರದು ಅನ್ನಲು ಬಾಯಿ ತೆರೆದೆ. ಗ್ರಿಡ್ಡಿಗೆ ನೀರಿನದ್ದು, ಕಲ್ಲಿದ್ದಲಿನದ್ದು, ಅಣುವಿನದ್ದು ಎಲ್ಲಾ ಬಂದು ಬೆರೆಯುತ್ತದೆ, ಅದು ನನಗೆ ಗೊತ್ತಿಲ್ಲದ್ದೇನಲ್ಲ. ಮುಚ್ಚಿದೆ. ಮೂವತ್ತೊಂದು ವರ್ಷ ಅದೇ ಕರೆಂಟು ಕೊಟ್ಟು, ಅದೇ ಕರೆಂಟಿನಲ್ಲಿ ಮೊಬೈಲ್ ಚಾರ್ಜ್ ಮಾಡಿ, ಅಣು ಬೇಡ ಅಂತ ವಿಡಿಯೋ ಕಳಿಸುತ್ತಿದ್ದೆ.

"ಆದ್ರೆ ಅಲ್ಲಿ ಉಳಿಯೋ ಕಸ? ಅದನ್ನೇನ್ ಮಾಡ್ತಾರಮ್ಮ?" ಅಂತ ಕೇಳಿದೆ. ಅರ್ಧ ಗಂಟೆ ಹೇಳಿದಳು. ಪೂರ್ತಿ ಸಮಾಧಾನ ಆಗಲಿಲ್ಲ. ಇನ್ನೊಂದು ಸಲ ಕೇಳಬೇಕು. ಕೇಳಿದರೆ ಅವಳು ಬೇಸರ ಮಾಡಿಕೊಳ್ಳುವುದಿಲ್ಲ.

೩೦ ಮಾರ್ಚ್, ಯುಗಾದಿ

ಮೌನಿಕಾ ಬಂದಿದ್ದಾಳೆ. ತಾಯಿ ಮಗಳು ಅಡುಗೆಮನೆಯಿಂದ ಹೊರಗೇ ಬರುತ್ತಿಲ್ಲ. ಹೋಳಿಗೆ ಚೆನ್ನಾಗಿತ್ತು ಅಂತ ಹೇಳಿದೆ. ಇಬ್ಬರೂ ಒಲೆ ಬಿಟ್ಟು ಬಂದು ನನ್ನ ಮುಖ ನೋಡಿದರು, ಜ್ವರ ಏನಾದರೂ ಬಂದಿದೆಯಾ ಅಂತ.

೭ ಏಪ್ರಿಲ್, ಸೋಮವಾರ

ಕಳೆದ ವಾರ ಅಳಿಯ ನರೇಂದ್ರ ಫೋನು ಮಾಡಿದ್ದ. ಅವನ ಬ್ಯಾಂಕಿಗೆ ಬರುವ ಅಲೀಪುರದ ಬಾಖರ್ ಅನ್ನುವವರ ಹೆಂಡತಿ ಕನೀಜ್ ಫಾತಿಮಾಗೂ ಇದೇ ಮಾತ್ರೆ ಬರೆದಿದ್ದಾರಂತೆ. ಮನೆಯವರೆಲ್ಲಾ ಹೆದರಿ ಎರಡು ಸಲ ಹೋಗದೆ ತಪ್ಪಿಸಿದ್ದಾರೆ. "ಮಾವ, ನೀವು ಒಂದು ಮಾತು ಹೇಳ್ತೀರಾ?" ಅಂದ. ಫೋನಿನಲ್ಲಿ ಹೇಳಿದರೆ ಪುರಾಣವಾಗುತ್ತದೆ ಅಂತ ಇವತ್ತು ಶ್ಯಾಮಲಳೂ ನಾನೂ ಆಸ್ಪತ್ರೆಗೇ ಹೋದೆವು.

ಬಾಖರ್ ಮೂವತ್ತೈದರ ಮನುಷ್ಯ, ಕಲ್ಲುಹರಳಿಗೆ ಪಾಲಿಶ್ ಮಾಡುವ ಕೆಲಸ. ಸೀಸದ ಡಬ್ಬಿ ಬಂದಾಗ ಅವರ ಮುಖ ಬಿಳಿಚಿತು. ಕನೀಜ್ ಕೈಯಲ್ಲಿ ನೀರಿನ ಲೋಟ ಹಿಡಿದು ಕೂತೇ ಇದ್ದಳು. ಶ್ಯಾಮಲ, ದಾಟಬಾರದು ಅಂತ ನೆಲದ ಮೇಲೆ ಎಳೆದಿದ್ದ ಗೆರೆಯ ಈಚೆ ನಿಂತು, "ನೋಡಮ್ಮ, ನಾನು ನುಂಗಿ ತಿಂಗಳಾಯ್ತು. ಈಗ ಎದೆ ಬಡಿತ ಕಡಿಮೆ ಆಗ್ತಾ ಐತೆ. ಇವ್ರ ಮೇಲೆ ರೇಗೋದೊಂದು ಕಡಿಮೆ ಆಗಿಲ್ಲ" ಅಂದಳು. ಕನೀಜ್ ನಕ್ಕಳು. ನಗುತ್ತಲೇ ನುಂಗಿದಳು.

ಭಾನುಪ್ರಿಯಾ ಕಾಗದ ಓದಿ ಹೇಳಿದಳು. ಮೂರಡಿ, ಹತ್ತು ದಿನ, ಎರಡೆರಡು ಸಲ ನೀರು. ಬಾಖರ್ ಎಲ್ಲದಕ್ಕೂ ತಲೆಯಾಡಿಸಿದರು. ಆಮೇಲೆ ಕಾರಿಡಾರಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದರು.

"ಸಾರ್, ನಿಜ ಹೇಳಿ. ನೀವು ಎಲ್ಲಿ ಮಲಗಿದ್ರಿ?"

ಸುಳ್ಳು ಹೇಳಬಹುದಿತ್ತು. "ದನದ ಕೊಟ್ಟಿಗೇಲಿ" ಅಂದೆ. "ಅವಳು ಒಳಗೆ ಒಬ್ಬಳೇ ಇದ್ಲು. ನೀವು ಹಂಗೆ ಮಾಡಬೇಡಿ. ಅದೇ ಮನೇಲಿ ಇನ್ನೊಂದು ಕೋಣೇಲಿ ಮಲಗಿ. ನಡುವಿನ ಬಾಗಿಲು ಮುಚ್ಚಬೇಡಿ. ಮಾತಾಡ್ತಾ ಇರಿ."

ಬಾಖರ್ ಜೇಬಿನಿಂದ ಪೆನ್ನು ತೆಗೆದು, ಆಸ್ಪತ್ರೆಯ ಕಾಗದದ ಕೊನೆಯಲ್ಲಿ, ಎರಡೆರಡು ಸಲ ನೀರು ಹಾಕಿ ಅನ್ನುವುದರ ಕೆಳಗೆ, ಅದನ್ನೂ ಬರೆದುಕೊಂಡರು. ಭಾನುಪ್ರಿಯಾ ಬಂದು ಕಾಗದ ನೋಡಿದಳು. ಇದು ನಮ್ಮ ಪಟ್ಟಿಯಲ್ಲಿಲ್ಲ ಅನ್ನಬಹುದು ಅಂದುಕೊಂಡೆ. ಅವಳು ಅದರ ಕೆಳಗೆ ಸಹಿ ಹಾಕಿ ಸೀಲು ಒತ್ತಿ ಕೊಟ್ಟಳು.